ಮರಳುನೊಣ ರೆಕ್ಕೆ ಎತ್ತಿಕೊಂಡೇ ಕೂರುವುದೇಕೆ

ನೀಲೂ, ಎಲ್ಲಿ, ನೀನೇ ಊಹಿಸಿ ಹೇಳು ನೋಡೋಣ. ಮೊನ್ನೆ ಬಂದಿದ್ದ ನರ್ಸಕ್ಕ ನಮ್ಮ ಗೋಡೆಯ ಬಿರುಕಿಗೆ ಗಾಜಿನ ಕೊಳವೆ ಇಟ್ಟು, ಬಾಯಿಂದ ಹೀರಿ ಮರಳುನೊಣ ಹಿಡಿದಳಲ್ಲ? ಹೊಳೆಯ ಈ ದಂಡೆಯವಕ್ಕೆ ಒಂದು ಸೀಸೆ, ಆಚೆ ದಂಡೆಯವಕ್ಕೆ ಇನ್ನೊಂದು. ನೋಡಲು ಎಲ್ಲವೂ ಒಂದೇ. ಮತ್ತೆ ಬೇರೆ ಬೇರೆ ಸೀಸೆ ಯಾಕೆ? ಏನಾಗಿರಬಹುದು?

ಜಗಳ ಅಂತೀಯಾ? ಅಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಜಗಳವಾಡಿದವರು ಮತ್ತೆ ಒಂದಾಗುತ್ತಾರೆ. ಕೇಳು.

ಲೋಕ ಆಗಷ್ಟೇ ಹುಟ್ಟಿತ್ತು. ಎಷ್ಟು ಹೊಸದೆಂದರೆ, ಹೊಳೆಗೆ ತನ್ನ ದಾರಿ ಯಾವುದೆಂದೇ ಗೊತ್ತಿರಲಿಲ್ಲ. ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ ಹರಿದು ನೋಡುತ್ತಿತ್ತು. ಮನುಷ್ಯರು ಮೊದಲ ಮಣ್ಣಿನ ಗೋಡೆ ಕಟ್ಟಿದ್ದರು, ಅದೂ ಸೊಟ್ಟ.

ಬಯಲಿನ ನಟ್ಟನಡುವೆ ಒಂದು ಹುತ್ತ. ಅದರೊಳಗೆ ಮರಳುನೊಣಗಳ ತಾಯಿ ಹುತ್ತವ್ವ. ಅವಳಿಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳು ಕಲ್ಲವ್ವ, ಬಂಡೆಯ ಸಂದಿಯಲ್ಲಿದ್ದಳು; ಹಲ್ಲಿಯ ರಕ್ತ ಅವಳ ಊಟ. ನಡುವಿನವಳು ಹಟ್ಟೆವ್ವ, ದನದ ಹಟ್ಟಿಯಲ್ಲಿದ್ದಳು. ದನದ ರಕ್ತ ಅವಳ ಊಟ. ಕಿರಿಯವಳು ಗೋಡೆವ್ವ, ಆ ಸೊಟ್ಟ ಗೋಡೆಯ ಬಿರುಕಿನಲ್ಲಿದ್ದಳು. ಮನುಷ್ಯರ ರಕ್ತ ಅವಳ ಊಟ. ಮುಖ ಕಿವುಚಬೇಡ. ಒಂದು ಹನಿ ರಕ್ತ ಸಿಗದಿದ್ದರೆ ಅವರ ಮೊಟ್ಟೆ ಬಲಿಯುವುದಿಲ್ಲ. ಕಚ್ಚುವವರು ತಾಯಂದಿರು ಮಾತ್ರ. ಗಂಡಸರು ಗಿಡದ ರಸ ಹೀರಿಕೊಂಡು ಆರಾಮಾಗಿರುತ್ತಾರೆ, ಈಗಲೂ.

ಪ್ರತಿ ಪಂಚಮಿ ಹಬ್ಬಕ್ಕೆ ಮೂವರೂ ತವರಿಗೆ ಬರುತ್ತಿದ್ದರು. ದೂರ ಹಾರಲಾಗದ ವಂಶ. ಕುಪ್ಪಳಿಸಿ, ಕೂತು, ಮತ್ತೆ ಕುಪ್ಪಳಿಸಿ ಬರುತ್ತಿದ್ದರು. ಬಂದವರು ರೆಕ್ಕೆ ಮಡಿಚಿ ನೆಮ್ಮದಿಯಾಗಿ ಮಲಗುತ್ತಿದ್ದರು. ಅವರ ಮರಿಗಳು ಹುತ್ತದ ಬಾಯಲ್ಲಿ ಕುಣಿದು, ಜೋಡಿಯಾಗಿ, ಈ ಮನೆಯವು ಆ ಮನೆ ಸೇರುತ್ತಿದ್ದವು. ಹಾಗಾಗಿ ಮೂರು ಮನೆಯೂ ಒಂದೇ ಅಚ್ಚು. ಅದೇ ಮೀಸೆ, ಅದೇ ಕಾಲು, ಅದೇ ಹೊಟ್ಟೆ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆವ್ವನ ಬಿರುಕಿಗೆ ಯಾರೋ ಬಂದರು.

"ಯಾರದು?"

"ನಾನವ್ವಾ, ಜ್ವರ. ಕಾಲಿಲ್ಲ, ರೆಕ್ಕಿಲ್ಲ. ಒಂದೀಟು ಜಾಗಾ ಕೊಡು."

"ಎಷ್ಟು ಬೇಕು?"

"ನಿನ್ನ ಹೊಟ್ಟ್ಯಾಗ ಒಂದು ಮೂಲಿ ಸಾಕು."

ದೀಪ ಹಚ್ಚುವ ಹೊತ್ತಿಗೆ ಬಂದವರನ್ನು ಹಾಗೇ ಕಳಿಸಬಾರದೆಂದು ಹುತ್ತವ್ವ ಮಕ್ಕಳಿಗೆ ಕಲಿಸಿದ್ದಳು. ಗೋಡೆವ್ವ ಒಳಗೆ ಕರೆದಳು. ಅಷ್ಟೇ ಅವಳ ತಪ್ಪು.

ಗೋಡೆವ್ವ ಕಚ್ಚಿದ ಕೆಲವು ತಿಂಗಳಲ್ಲಿ ಆ ಗೋಡೆಯ ಮನೆಯ ಮಗುವಿಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. ಹೊಟ್ಟೆ ಊದಿತು, ಮೈ ಕಪ್ಪಾಯಿತು, ಮಗು ಆಡುವುದನ್ನೇ ಮರೆಯಿತು.

ಬಿರುಕಿನೊಳಗೆ ಜ್ವರ ಗುನುಗುತ್ತಿತ್ತು: "ಒಬ್ಬಾಕಿ ಹೊಟ್ಟಿ ಹೊಂದಿತಂದ್ರ ಮೂವರ ಹೊಟ್ಟೀನೂ ಹೊಂದಿದಂಗ. ಪಂಚಮಿ ಬರಲಿ, ಎಲ್ಲಾರೂ ತವರಿನಾಗ ಕೂಡ್ತಾರ. ಆಮ್ಯಾಲ ಹಲ್ಲಿ, ದನ, ಮನಷ್ಯಾ, ಯಾರನ್ನೂ ಬಿಡಂಗಿಲ್ಲ."

ಗಾಳಿ ಇದನ್ನು ಕೇಳಿಸಿಕೊಂಡಿತು. ಗಾಳಿಯ ಬಾಯಿ ಗೊತ್ತಲ್ಲ, ನನ್ನ ಬಾಯಿಯಂತೆಯೇ, ನಿಲ್ಲುವುದಿಲ್ಲ. ನೆಟ್ಟಗೆ ಹುತ್ತಕ್ಕೆ ಹೋಗಿ ಹೇಳಿತು.

ಹುತ್ತವ್ವ ಹಬ್ಬಕ್ಕೆಂದು ನೆಲ ಸಾರಿಸುತ್ತಿದ್ದಳು. ಕೈ ನಿಂತಿತು. "ನಾಳೆನ ಪಂಚಮಿ. ಹುಡುಗ್ಯಾರು ಹೊಂಟಾರೇನು?"

"ಮೂವರೂ ದಾರ್ಯಾಗ ಅದಾರ ಯವ್ವಾ. ಸಣ್ಣಾಕಿ ಭಾಳ ಹುರುಪಿನಾಗ ಅದಾಳ."

ಬರಬೇಡಿರೆಂದು ಹೇಳಿ ಕಳಿಸಬಹುದಿತ್ತಲ್ಲ ಅಂತೀಯಾ? ತವರಿಗೆ ಬರಬೇಡ ಅಂದರೆ ಯಾವ ಮಗಳು ಕೇಳುತ್ತಾಳೆ? ಅವ್ವನಿಗೆ ಏನಾಯಿತೋ ಎಂದು ಇನ್ನೂ ಬೇಗ ಬರುತ್ತಾಳೆ.

ಹುತ್ತವ್ವ ಹೊಳೆಯನ್ನು ಕರೆದಳು. "ಹೊಳಿಯವ್ವಾ, ನಿನಗ ದಾರಿ ಬೇಕಿತ್ತಲ್ಲ? ನನ್ನ ಮನಿ ಮ್ಯಾಲ ಹಾದು ಹೋಗು. ಇಲ್ಲಿ ಬಂದು ಎರಡು ಕವಲಾಗು. ಮೂರು ಮಕ್ಕಳು ಮೂರು ಕಡೆ ಉಳೀಲಿ."

ಹೊಳೆ ಹಿಂದೆ ಸರಿಯಿತು. "ನಿನ್ನ ಹುತ್ತ ಉಳಿಯಂಗಿಲ್ಲವ್ವಾ. ನೀನೂ ಉಳಿಯಂಗಿಲ್ಲ. ಅವರು ಬಂದು ಯಾರನ್ನ ಕೇಳಬೇಕು?"

"ಯಾರನ್ನೂ ಕೇಳಬಾರದು ಅಂತನ ಹೇಳಾಕತ್ತೀನಿ."

"ಸಣ್ಣಾಕಿ ಕಡಿ ಇರೋ ಮನಷ್ಯಾರ ಗತಿ?"

ಹುತ್ತವ್ವ ಅರ್ಧ ಸಾರಿಸಿದ ನೆಲವನ್ನು ಅಂಗೈಯಿಂದ ಸವರಿದಳು. "ಅವರಿಗೆ ಕೈ ಅದಾವ. ಬಿರುಕು ಮೆತ್ತೋದು ಕಲೀಲಿ. ದನಕ್ಕ ಕೈ ಎಲ್ಲದಾವ?"

ಹೊಳೆ ಬಂತು. ಹುತ್ತದ ಮೇಲೇ ಹಾದು, ಅಲ್ಲೇ ಎರಡಾಗಿ ಒಡೆಯಿತು.

ಮೂರು ದಂಡೆಯಲ್ಲಿ ಮೂವರು ಬಂದು ನಿಂತರು. "ಅವ್ವಾ!" ಎಂದಳು ಕಲ್ಲವ್ವ. "ಅವ್ವಾ!" ಎಂದಳು ಹಟ್ಟೆವ್ವ. "ಅವ್ವಾ!" ಎಂದಳು ಗೋಡೆವ್ವ. ನೀರಿನ ಸದ್ದು, ಅಷ್ಟೇ. ನೀರು ಇಳಿದೊಡನೆ ಹಾರಿಬಿಡೋಣವೆಂದು ರೆಕ್ಕೆ ಎತ್ತಿ ಕಾದರು. ನೀರು ಇಳಿಯಲಿಲ್ಲ.

ಮರಿಗಳಾದವು, ಮರಿಗಳಿಗೆ ಮರಿಗಳಾದವು. ಒಂದರೊಡನೊಂದು ಬೆರೆಯದ ಮೂರು ಮನೆಗಳು ಮೆಲ್ಲಗೆ ಬೇರೆಯಾದವು. ಒಂದು ಮನೆಯವರ ಮೀಸೆ ಕೂದಲೆಳೆಯಷ್ಟು ಉದ್ದವಾಯಿತು, ಇನ್ನೊಂದು ಮನೆಯವರದು ಗಿಡ್ಡವಾಯಿತು. ಕಣ್ಣಿಗೆ ಕಾಣದ ಹೊಟ್ಟೆಯೊಳಗಂತೂ ಎಲ್ಲವೂ ಅದಲುಬದಲಾಯಿತು.

ಎಷ್ಟೋ ಕಾಲದ ಮೇಲೆ ಬಿರುಗಾಳಿಯೊಂದು ಗೋಡೆವ್ವನ ವಂಶದ ಒಬ್ಬಳನ್ನು ಹಟ್ಟೆವ್ವನ ದಂಡೆಗೆ ಎಸೆಯಿತು. ಒಳಗಿದ್ದ ಜ್ವರಕ್ಕೆ ಬಲು ಖುಷಿ. ಹಟ್ಟೆವ್ವನ ಮೊಮ್ಮಗಳೊಬ್ಬಳ ಹೊಟ್ಟೆ ಹೊಕ್ಕು ನೋಡಿತು. ಯಾವುದೂ ಮೊದಲಿದ್ದ ಜಾಗದಲ್ಲಿ ಇರಲಿಲ್ಲ. "ಇದು ನಾ ಕಂಡ ಮನಿ ಅಲ್ಲ," ಎಂದಿತು. ಅಲ್ಲೇ ಒಣಗಿ ಹೋಯಿತು.

ಅವ್ವ ಗೆದ್ದಳು, ನೀಲೂ. ನೋಡಲು ಯಾರೂ ಇರಲಿಲ್ಲ.

ನರ್ಸಕ್ಕ ಬೇರೆ ಬೇರೆ ಸೀಸೆ ಇಟ್ಟದ್ದು ಅದಕ್ಕೇ. ನಾವಿರುವುದು ಗೋಡೆವ್ವನ ದಂಡೆ. ನೀನೂ ನಾನೂ ಬೆಳಿಗ್ಗೆಯಿಂದ ಸುಣ್ಣ-ಮಣ್ಣು ಕಲಸಿ ಬಿರುಕು ಮೆತ್ತುತ್ತಿರುವುದೂ ಅದಕ್ಕೇ. ಕೊಡು ಇಲ್ಲಿ, ಇನ್ನೊಂದು ಉಂಡೆ.

ಮೆತ್ತುವ ಮೊದಲು ಈ ಕೊನೆಯ ಬಿರುಕಿನೊಳಗೆ ಒಮ್ಮೆ ನೋಡು: ಎಳ್ಳುಕಾಳಿನಷ್ಟು ನೊಣ, ಕೂತಿದ್ದರೂ ರೆಕ್ಕೆ ಮಡಿಚಿಲ್ಲ, ಎತ್ತಿಕೊಂಡೇ ಕೂತಿದೆ, ತವರಿಗೆ ಹೊರಟು ನಿಂತಿದೆ ಅದು, ಪಂಚಮಿಯ ಹಿಂದಿನ ಆ ದಿನದಿಂದ, ಶ್ರಾವಣ ಶುದ್ಧ ಚೌತಿ, ಮಂಗಳವಾರದಿಂದ.