ಕಂಬ ಹಿಡಿದ ಬಸುರಿ

"ಗುರುಗಳೇ, ಮನೆಯಲ್ಲೇ ಹೆರುತ್ತೇನೆ ಎಂದು ಹಟ ಹಿಡಿದ ಹೆಂಗಸಿಗೆ ಬುದ್ಧಿ ಹೇಳಿದರೆ ತಪ್ಪೇ?" ಎಂದು ಶಿಷ್ಯನು ಕೇಳಿದನು.

ಅಂದು ಬೆಳಗ್ಗೆ ಒಬ್ಬ ಬಸುರಿ ಮಠಕ್ಕೆ ಬಂದಿದ್ದಳು. ದವಾಖಾನೆಗೆ ಹೋಗಲಾರೆ, ಮನೆಯಲ್ಲೇ ಸುಸೂತ್ರವಾಗಲಿ ಎಂದು ವಿಭೂತಿ ಕೊಡಿರಿ ಎಂದು ಬೇಡಿದ್ದಳು. "ಹೊಟ್ಟೆಯ ಕೂಸಿನ ಜೀವಕ್ಕೆ ಎರವಾಗುವವಳಿಗೆ ವಿಭೂತಿ ಇಲ್ಲ" ಎಂದು ಶಿಷ್ಯನು ಗದರಿದ್ದನು. ಅವಳು ಮೆಟ್ಟಿಲಿಳಿದು ಹೋಗಿದ್ದಳು.

ಗುರುಗಳು ಕಣ್ಣು ಮುಚ್ಚಿ ಶಿವನನ್ನು ನೆನೆದರು. ಆಮೇಲೆ ಹೇಳಿದರು:

ಒಬ್ಬ ನೇಕಾರನಿದ್ದ. ಅವನ ಹೆಂಡತಿಯ ಚೊಚ್ಚಲ ಹೆರಿಗೆ ದವಾಖಾನೆಯಲ್ಲಾಯಿತು. ಕೂಸು ಉಳಿಯಲಿಲ್ಲ. ಮತ್ತೆ ಬಸುರಿಯಾದಾಗ ಅವಳು ಒಂದೇ ಮಾತು ಹೇಳಿದಳು: "ಈ ಸಲ ಮನೆಯಲ್ಲೇ." ಅತ್ತೆ ಅದನ್ನು ಮನೆದೇವರ ಪ್ರೇರಣೆ ಎಂದಳು. ನೆರೆಯವರು ಗಂಡು ಡಾಕ್ಟರ ಮುಂದೆ ನಾಚಿಕೆ ಎಂದರು. ಗಂಡ ಹಟ ಎಂದುಕೊಂಡ. ಅವಳನ್ನೇ ಯಾರೂ ಕೇಳಲಿಲ್ಲ.

ದಿನ ತುಂಬಿತು. ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಹೆರಿಗೆಯ ಹೊತ್ತಿನಲ್ಲಿ ಮನೆಯಲ್ಲಿ ಯಾವುದೂ ಬಿಗಿದಿರಬಾರದು, ಮುಚ್ಚಿರಬಾರದು ಎಂಬುದು ಆ ಕೇರಿಯ ಪದ್ಧತಿ. ಅತ್ತೆ ಪೆಟ್ಟಿಗೆಗಳ ಬೀಗ ತೆಗೆದಳು, ಸೊಸೆಯ ಜಡೆ ಬಿಚ್ಚಿದಳು. ನೇಕಾರ ಮಗ್ಗಕ್ಕೆ ಬಿಗಿದ ಹಾಸಿನ ನೂಲನ್ನೂ ಸಡಿಲಿಸಿದ. ಅರ್ಧ ನೇಯ್ದ ಸೀರೆ ಜೋತುಬಿತ್ತು.

ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಅವಳ ಮುಖ ಕಪ್ಪಿಟ್ಟಿತು.

"ಕೂಸು ಅಡ್ಡ ಮಲಗಿದೆ. ಗಾಡಿ ತರಿಸಿರಿ."

"ಇದೇನಜ್ಜಿ, ಕೇರಿಗೆಲ್ಲ ಹೆರಿಗೆ ಮಾಡಿಸಿದ ಕೈ ನಿನ್ನದು. ನೀನೇ ಹೀಗಂದರೆ?" ಎಂದಳು ಅತ್ತೆ.

"ಈ ಕೈಗೆ ವಯಸ್ಸಾಗಿದೆ ಕಣೆ, ಸೊಕ್ಕು ಬಂದಿಲ್ಲ."

ಗಾಡಿಯ ಮಾತು ಕೇಳಿದ್ದೇ ಬಸುರಿ ನಡುಮನೆಯ ಕಂಬವನ್ನು ತಬ್ಬಿ ಹಿಡಿದಳು. "ನಾನು ಬರುವುದಿಲ್ಲ. ಸಾಯುವುದಾದರೆ ಇಲ್ಲೇ ಸಾಯುತ್ತೇನೆ." ಗಂಡ ಅವಳ ಬೆರಳುಗಳನ್ನು ಬಿಡಿಸಲು ಹೋದ. ಸೂಲಗಿತ್ತಿ ಅವನನ್ನು ತಡೆದು, ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

"ಯಾಕೆ ಮಗಳೇ? ಅಲ್ಲಿ ಏನಾಯಿತು?"

"ಬಾಗಿಲು ಹಾಕಿದರಜ್ಜಿ. ಒಬ್ಬಳನ್ನೇ ಬಿಟ್ಟು ಹೋದರು. ಕೂಗಿದರೆ ಬಾಯಿ ಮುಚ್ಚು ಅಂದರು. ಕೂಸು ನನ್ನ ಮಗ್ಗುಲಲ್ಲೇ ತಣ್ಣಗಾಯಿತು. ಇವರನ್ನು ಎಷ್ಟು ಕರೆದೆ! ಯಾರಿಗೂ ಕೇಳಿಸಲಿಲ್ಲ."

ನೇಕಾರ ಗೋಡೆಯ ಕಡೆ ತಿರುಗಿದ.

"ಕೇಳಿಸಿತ್ತು" ಎಂದ. "ಹೊರಗೇ ನಿಂತಿದ್ದೆ. ಬಾಗಿಲು ತಟ್ಟಲು ಹೆದರಿದೆ."

ಇನ್ನೊಂದು ನೋವು ಬಂದು ಹೋಯಿತು.

"ನಾನು ನಿನ್ನ ಜೊತೆ ಒಳಗಿರುತ್ತೇನೆ" ಎಂದಳು ಸೂಲಗಿತ್ತಿ. ಹೆಂಡತಿ ಗಂಡನನ್ನು ನೋಡಿದಳು. "ಈ ಸಲ ತಟ್ಟುತ್ತೇನೆ" ಎಂದ ಅವನು. ಅವಳ ಬೆರಳುಗಳು ಕಂಬದಿಂದ ತಾವಾಗಿಯೇ ಸಡಿಲಿದವು.

ಗಾಡಿಯಲ್ಲಿ ದಾರಿಯುದ್ದಕ್ಕೂ ರಕ್ತ ಹೋಗುತ್ತಿತ್ತು. ಅತ್ತೆ ಶಿವ ಶಿವಾ ಎನ್ನುತ್ತಿದ್ದಳು. ದವಾಖಾನೆಯಲ್ಲಿ ದಾದಿ, "ನೀವೆಲ್ಲ ಹೊರಗಿರಿ" ಎಂದು ಬಾಗಿಲು ಎಳೆದಳು. ನೇಕಾರ ಅಂಗೈಯಿಂದ ಬಾಗಿಲನ್ನು ತಡೆದ.

"ಅಕ್ಕಾ, ಈ ಅಜ್ಜಿಯೊಬ್ಬಳನ್ನಾದರೂ ಒಳಗೆ ಬಿಡಿರಿ. ಒಬ್ಬಳನ್ನೇ ಬಿಟ್ಟರೆ ನನ್ನ ಹೆಂಡತಿ ಹೆದರಿಕೆಯಿಂದಲೇ ಸಾಯುತ್ತಾಳೆ."

ದಾದಿ ಅವನ ಮುಖ ನೋಡಿದಳು, ಒಳಗಿದ್ದವಳ ಮುಖ ನೋಡಿದಳು. "ಕೈಕಾಲು ತೊಳೆದುಕೊಂಡು ಬಾ ಅಜ್ಜಿ" ಎಂದಳು.

ವೈದ್ಯರು ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಅಷ್ಟು ಹೊತ್ತೂ ಸೂಲಗಿತ್ತಿ ಅವಳ ಕೈ ಬಿಡಲಿಲ್ಲ. ತೆಗೆದ ಮೇಲೆ ಕೂಸು ಬಹಳ ಹೊತ್ತು ಸುಮ್ಮನಿತ್ತು. ಬಳಿಕ, ಶಿವನ ದಯೆ, ಅತ್ತಿತು. ಆ ಅಳು ಬಾಗಿಲಾಚೆ ನಿಂತ ನೇಕಾರನಿಗೂ ಕೇಳಿಸಿತು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ಹಾಗಾದರೆ ದವಾಖಾನೆಗೆ ಹೋದದ್ದೇ ಸರಿಯಾಯಿತಲ್ಲ ಗುರುಗಳೇ! ನಾನು ಹೇಳಿದ್ದೂ ಅದನ್ನೇ."

ಗುರುಗಳು ಬರಿದಾದ ಮೆಟ್ಟಿಲುಗಳ ಕಡೆ ನೋಡಿ ಹೇಳಿದರು:

"ಹೌದು ಮಗೂ, ಆದರೆ ಇಂದು ಬೆಳಗ್ಗೆ ಬಾಗಿಲು ಹಾಕಿದವನು ನೀನು."