ಮೇಕೆ ಚೆನ್ನಾಜಮ್ಮನಾದದ್ದು

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಇನ್ನೊಂದು ಮದುವೆಯೂ ಬೇಡ. ಅವನಿಗೆ ಬೇಕಾದದ್ದು ಒಂದೇ ಒಂದು ಸದ್ದು. ಬೀಗ ಹಾಕಿಕೊಳ್ಳುವಾಗ 'ಟಕ್' ಅನ್ನುತ್ತದಲ್ಲ, ಆ ಸದ್ದು. ಎದ್ದ ಕೂಡಲೇ ಒಂದು ಟಕ್, ಉಂಡ ಮೇಲೆ ಒಂದು ಟಕ್, ಮಲಗುವ ಮುಂಚೆ ಎರಡು ಟಕ್.

ಇಂಥ ರಾಜನ ಊರಿಗೆ ಒಂದು ದಿನ ಬ್ರೌಸರು ಬಂತು. ಬ್ರೌಸರು ಹೇಗಿತ್ತು ಅಂತೀರಾ? ಎಮ್ಮೆಯಷ್ಟು ಎತ್ತರ, ನಾಲ್ಕು ಕಾಲು, ಹೊಟ್ಟೆಯಲ್ಲಿ ಗಾಜಿನ ಕಿಟಕಿ, ಕುತ್ತಿಗೆಯಲ್ಲಿ ಒಂದು ಬೀಗ. ಅದರ ಬೆನ್ನು ಹತ್ತಿ ಕೂತು ಅಂಗಡಿಯ ಹೆಸರು ಹೇಳಿದರೆ ಸಾಕು, ಅಲ್ಲಿಗೆ ಓಡುತ್ತಿತ್ತು. ಓಡಿಹೋಗಿ, ಅಂಗಡಿಯ ಮುಂದೆ ನಿಂತು, "ಸರ್ಟಿಫಿಕೇಟು ತೋರಿಸಿ" ಅನ್ನುತ್ತಿತ್ತು. ಸರಿಯಾಗಿದ್ದರೆ ಬೀಗ ಟಕ್ ಎಂದು ಹಾಕಿಕೊಂಡು ಹಸಿರಾಗುತ್ತಿತ್ತು. ಇಲ್ಲದಿದ್ದರೆ ಕೆಂಪಾಗುತ್ತಿತ್ತು. ಆಗ ಬ್ರೌಸರು, "ಅಪಾಯ! ಅಪಾಯ! ಹಿಂದಿರುಗಿ!" ಎಂದು ಊರೆಲ್ಲ ಕೇಳುವಂತೆ ಕಿರುಚುತ್ತಿತ್ತು.

ರಾಜನಿಗೆ ಆ ಟಕ್ ಕೇಳಿ ಕಣ್ಣಲ್ಲಿ ನೀರು ಬಂತು. ಕೂಡಲೇ ಡಂಗುರ ಹೊಡೆಸಿದ.

"ಇನ್ನು ಮೇಲೆ ಯಾರೂ ನಡೆಯಬಾರದು. ಯಾರೂ ಕಣ್ಣು ಬಿಟ್ಟು ನೋಡಬಾರದು. ಬ್ರೌಸರು ಒಯ್ದಲ್ಲಿಗೆ ಹೋಗಬೇಕು, ಬೀಗ ಹಸಿರಾದಲ್ಲಿ ಇಳಿಯಬೇಕು."

ಜನಕ್ಕೂ ಖುಷಿಯಾಯಿತು. ನಡೆಯುವುದು ತಪ್ಪಿತು, ನೋಡುವುದೂ ತಪ್ಪಿತು.

ಈಗ ಸರ್ಟಿಫಿಕೇಟು ಬೇಕಲ್ಲ? ರಾಜ ಮೊದಲು ತನಗೊಂದು ಬರೆದುಕೊಂಡ. 'ಇವನು ರಾಜ. ಹಾಗೆಂದು ಇವನೇ ಹೇಳಿದ್ದಾನೆ. ಇಂತಿ, ಇವನು.' ಆಮೇಲೆ ಮಂತ್ರಿಗೆ ಒಂದು ಬರೆದುಕೊಟ್ಟ. ಮಂತ್ರಿ ಊರಿನ ಅಂಗಡಿಯವರಿಗೆಲ್ಲ ಒಂದೊಂದು ಬರೆದುಕೊಟ್ಟ. ಎಲ್ಲರೂ ಸಾಲಾಗಿ ಬಂದು ಇಸಿದುಕೊಂಡರು. ಒಬ್ಬಳು ಮಾತ್ರ ಬರಲಿಲ್ಲ.

ಅವಳೇ ಚೆನ್ನಾಜಮ್ಮ. ಸುಣ್ಣದ ಗೂಡಿನ ಪಕ್ಕ ಅವಳ ದೋಸೆ ಅಂಗಡಿ. ಅಂಗಡಿಯ ಕಲ್ಲನ್ನು ಅವಳೇ ಹೊತ್ತಿದ್ದಳು, ಸೂರನ್ನು ಅವಳೇ ಹೊದಿಸಿದ್ದಳು, ಒರಳುಕಲ್ಲನ್ನು ಎರಡು ಊರು ದಾಟಿಸಿ ಅವಳೇ ಉರುಳಿಸಿಕೊಂಡು ಬಂದಿದ್ದಳು. ಬೆಲ್ಲ ಕಟ್ಟಿ ಬರುತ್ತಿದ್ದ ಹಾಳೆಗಳನ್ನು ಬಿಡಿಸಿ ಬಿಡಿಸಿ ಓದಿ ಅಕ್ಷರವನ್ನೂ ಅವಳೇ ಕಲಿತಿದ್ದಳು. ಮೂವತ್ತು ವರ್ಷದಲ್ಲಿ ಒಂದು ಸೌಟು ಹಿಟ್ಟನ್ನೂ ಚೆಲ್ಲಿದವಳಲ್ಲ. ಅವಳಿಗಿದ್ದದ್ದು ಅದೊಂದೇ ಜಂಭ. ಒಂದಾದರೂ ದೊಡ್ಡದು.

ಡಂಗುರದವನು ಬಂದು, "ಚೆನ್ನಾಜಮ್ಮಾ, ಮಂತ್ರಿಗಳ ಹತ್ರ ಹೋಗಿ ಸರ್ಟಿಫಿಕೇಟು ತಗೋಬೇಕಂತೆ" ಅಂದ.

"ಏನಂತ?"

"ನೀನು ಚೆನ್ನಾಜಮ್ಮ ಅಂತ."

"ಅದನ್ನ ಹೇಳೋಕೆ ಅವನ್ಯಾರು? ಅವನಿಗೆ ಹಲ್ಲು ಬರೋಕೆ ಮುಂಚಿನಿಂದ ನಾನು ದೋಸೆ ಹುಯ್ತಿದೀನಿ. ಬೇಕಾದ್ರೆ ಅವನೇ ಬರಲಿ, ಅವನು ಮಂತ್ರಿ ಅಂತ ನಾನು ಬರೆದುಕೊಡ್ತೀನಿ."

ಪಕ್ಕದ ಬೀದಿಯಲ್ಲಿ ಗವಿಯಪ್ಪ ಕುಂಬಳಕಾಯಿ ಮಾರುತ್ತಿದ್ದ. ಅವನ ಸರ್ಟಿಫಿಕೇಟಿನಲ್ಲಿ 'ಇವನು ಕುಂಬಳಕಾಯಿ ಮಾರುವ ಗವಿಯಪ್ಪ' ಎಂದು ಬರೆದಿತ್ತು. ಅಷ್ಟೇ ಬರೆದಿತ್ತು. ಒಮ್ಮೆ ಚೆನ್ನಾಜಮ್ಮ ಅವನ ಕಾಯಿಯನ್ನು ತಟ್ಟಿ ನೋಡಿ, "ಇದರಲ್ಲಿ ಕಾಯಿಗಿಂತ ನೀರೇ ಜಾಸ್ತಿ ಕಣೋ" ಅಂದಿದ್ದಳು. ಆ ಮಾತು ಅವನ ಹೊಟ್ಟೆಯಲ್ಲಿ ಇನ್ನೂ ಕರಗಿರಲಿಲ್ಲ.

ಗವಿಯಪ್ಪ ಕುಂಬಳಕಾಯಿಯ ತೊಟ್ಟು ಕುಯ್ದ. ಮಸಿಗೆ ಅದ್ದಿದ. ಒತ್ತಿ ನೋಡಿದರೆ ಐದು ಮೂಲೆಯ ಚೆಂದದ ಮುದ್ರೆ! ಒಂದು ಹಾಳೆ ತೆಗೆದುಕೊಂಡು ಬರೆದ: 'ಇದು ಚೆನ್ನಾಜಮ್ಮನ ದೋಸೆ ಅಂಗಡಿ. ಇಂತಿ, ಗವಿಯಪ್ಪ.' ಮುದ್ರೆ ಒತ್ತಿ ತನ್ನ ಮೇಕೆಯ ಕುತ್ತಿಗೆಗೆ ಕಟ್ಟಿದ.

ಬೆಳಗ್ಗೆ ಬ್ರೌಸರು ಹತ್ತು ಜನರನ್ನು ಹೊತ್ತು ಬಂತು. ಹತ್ತೂ ಜನ ಕಣ್ಣು ಮುಚ್ಚಿಕೊಂಡು, "ಚೆನ್ನಾಜಮ್ಮನ ದೋಸೆ! ಚೆನ್ನಾಜಮ್ಮನ ದೋಸೆ!" ಅನ್ನುತ್ತಿದ್ದರು. ಬ್ರೌಸರು ಮೇಕೆಯ ಮುಂದೆ ನಿಂತು ಹಾಳೆ ಓದಿತು.

"ಇದಕ್ಕೆ ಮುದ್ರೆ ಒತ್ತಿದ್ದು ಯಾರು?"

"ನಾನು, ಗವಿಯಪ್ಪ."

"ನಿನಗೆ ಯಾರು ಒತ್ತಿದ್ದು?"

"ಮಂತ್ರಿ."

"ಮಂತ್ರಿಗೆ?"

"ರಾಜ."

"ರಾಜನಿಗೆ?"

"ರಾಜನೇ."

ಟಕ್. ಬೀಗ ಹಸಿರಾಯಿತು. ಹತ್ತು ಜನ ಇಳಿದು ಎಲೆ ಹಾಸಿಕೊಂಡು ಕೂತರು. ಮೇಕೆ, "ಮ್ಯಾ" ಅಂದಿತು. ಆಮೇಲೆ ತನ್ನ ಕೈಲಾದದ್ದನ್ನು ಬಡಿಸಿತು.

"ಇವತ್ತು ದೋಸೆ ಯಾಕೋ ಸಣ್ಣಗೆ ಗುಂಡಗಿದೆ" ಅಂದ ಒಬ್ಬ.

"ಬೀಗ ಹಸಿರಿದೆಯೋ ಇಲ್ವೋ?"

"ಹಸಿರಿದೆ."

"ಮತ್ತೆ? ಬಾಯಿ ಮುಚ್ಚಿಕೊಂಡು ತಿನ್ನು."

ಇತ್ತ ಚೆನ್ನಾಜಮ್ಮನ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಪ್ಪಿತಪ್ಪಿ ಯಾರಾದರೂ ಆ ಕಡೆ ಹೊರಳಿದರೆ ಬ್ರೌಸರು, "ಅಪಾಯ! ಹಿಂದಿರುಗಿ!" ಎಂದು ಕಿರುಚುತ್ತಿತ್ತು. ಕೊಪ್ಪರಿಗೆ ತುಂಬ ಹಿಟ್ಟು ಹಾಗೇ ಉಳಿಯಿತು. ಮೊದಲ ದಿನ ಹಿಟ್ಟು ಕಂಠದವರೆಗೆ ಬಂತು. ಎರಡನೆಯ ದಿನ ಕೊಪ್ಪರಿಗೆಯಿಂದ ತಲೆ ಎತ್ತಿ ಬೀದಿ ನೋಡಿತು.

"ಅಮ್ಮಾ, ಯಾರೂ ಕಾಣ್ತಿಲ್ಲ" ಅಂದಿತು ಹಿಟ್ಟು.

"ತಡ್ಕೊ."

"ನಾಳೆ ಮಧ್ಯಾಹ್ನದವರೆಗೆ ತಡ್ಕೋತೀನಿ. ಅಷ್ಟರಲ್ಲಿ ಹುಯ್ಯದಿದ್ರೆ ನನ್ನನ್ನ ಚರಂಡಿಗೆ ಸುರೀಬೇಕಾಗುತ್ತೆ ನೋಡು."

ಚರಂಡಿ ಅನ್ನುವ ಮಾತಿಗೆ ಚೆನ್ನಾಜಮ್ಮನ ಮೈ ಉರಿಯಿತು. ಸೆರಗು ಸಿಕ್ಕಿಸಿದಳು. ಕಣ್ಣು ಬಿಟ್ಟುಕೊಂಡು, ಕಾಲ ಮೇಲೆ ನಡೆದುಕೊಂಡು, ನೇರ ಬ್ರೌಸರಿನ ಹತ್ತಿರ ಹೋದಳು.

"ಏನಪ್ಪಾ, ಅದು ಮೇಕೆ ಅಂತ ನಿನಗೆ ಕಾಣಲ್ವಾ?"

"ನಾನು ಮೇಕೆ ನೋಡೋದಿಲ್ಲ ಅಮ್ಮಾ. ಮುದ್ರೆ ನೋಡ್ತೀನಿ."

"ಗವಿಯಪ್ಪ ಕುಂಬಳಕಾಯಿ ಮಾರೋನು ಅಂತ ತಾನೇ ಅವನ ಪತ್ರದಲ್ಲಿರೋದು? ಊರಿನವರಿಗೆಲ್ಲ ಪತ್ರ ಬರೆದುಕೊಡಬಹುದು ಅಂತ ಅದರಲ್ಲಿ ಎಲ್ಲಿದೆ?"

ಬ್ರೌಸರು ತನಗೆ ಕೊಟ್ಟ ಅಪ್ಪಣೆ ನೆನೆಸಿಕೊಂಡಿತು. "ಮುದ್ರೆ ಇದೆಯಾ ಅಂತ ಕೇಳು ಅಂದಿದ್ರು. ಮುದ್ರೆ ಒತ್ತೋಕೆ ಅಪ್ಪಣೆ ಇದೆಯಾ ಅಂತ ಕೇಳು ಅಂತ ಯಾರೂ ಹೇಳಿಲ್ಲ."

"ಈಗ ನಾನು ಹೇಳ್ತಿದೀನಲ್ಲ?"

"ನಿನ್ನ ಸರ್ಟಿಫಿಕೇಟು?"

ಚೆನ್ನಾಜಮ್ಮ ಅಲ್ಲಿಂದ ಸೀದಾ ರಾಜನ ಹತ್ತಿರ ಹೋದಳು. ರಾಜ ಮಡಿಲಲ್ಲಿ ನಾಲ್ಕು ಬೀಗ ಇಟ್ಟುಕೊಂಡು ಟಕ್ ಟಕ್ ಅನ್ನಿಸುತ್ತಿದ್ದ.

"ಸ್ವಾಮೀ, ನನ್ನ ಹೆಸರಲ್ಲಿ ಒಂದು ಮೇಕೆ ಅಂಗಡಿ ಇಟ್ಟಿದೆ" ಅಂದಳು.

ಮಂತ್ರಿ ಪುಸ್ತಕ ತೆಗೆದು ನೋಡಿದ. "ಚೆನ್ನಾಜಮ್ಮ ಈಗಾಗಲೇ ಒಬ್ಬಳಿದ್ದಾಳೆ, ಪ್ರಭು. ಹಸಿರು ಬೀಗ."

"ಹಾಗಾದರೆ ಇನ್ನೊಬ್ಬಳು ಯಾಕೆ?" ಅಂದ ರಾಜ. ಆಮೇಲೆ ಅವನಿಗೆ ಮರುಕ ಹುಟ್ಟಿತು. "ನೋಡಮ್ಮಾ, ಮೇಕೆ ಚೆನ್ನಾಜಮ್ಮನಾದ ಮೇಲೆ ಮೇಕೆಯ ಜಾಗ ಖಾಲಿ ಬಿದ್ದಿದೆ. ನೀನು ಮೇಕೆಯಾಗು. ಇವತ್ತೇ ಪತ್ರ ಕೊಡಿಸ್ತೀನಿ. ಮೇಕೆಯ ಹಗ್ಗ ಹೇಗೂ ಹಸಿರು ಬೀಗದ ಚೆನ್ನಾಜಮ್ಮನ ಅಂಗಡಿಗೇ ಕಟ್ಟಿದೆ. ನೀನು ಅಲ್ಲೇ ನಿಂತು ದೋಸೆ ಹುಯ್ಯಿ. ನಿನ್ನ ಹಿಟ್ಟೂ ಖರ್ಚಾಗುತ್ತೆ, ಅರಮನೆಯಿಂದ ಸೊಪ್ಪೂ ಬರುತ್ತೆ."

ಚೆನ್ನಾಜಮ್ಮ ಲೆಕ್ಕ ಹಾಕಿದಳು. ಹೂಂ ಅಂದರೆ ಹಿಟ್ಟು ಉಳಿಯುತ್ತದೆ. ಮೂವತ್ತು ವರ್ಷದ ಜಂಭ ಉಳಿಯುತ್ತದೆ. ಆದರೆ ಜಂಭ ಯಾರದ್ದಾಗುತ್ತದೆ? ಮೇಕೆಯದ್ದಾಗುತ್ತದೆ.

"ಬೇಡ ಸ್ವಾಮೀ," ಅಂದಳು. "ಚೆಲ್ಲೋದೇ ಆದ್ರೆ ಚೆನ್ನಾಜಮ್ಮನಾಗಿಯೇ ಚೆಲ್ತೀನಿ."

ಹಾಗಂದು ಅಂಗಡಿಗೆ ಬಂದು, ಬರುವವರು ಇರಲಿ ಇಲ್ಲದಿರಲಿ, ಹೆಂಚನ್ನು ತಿಕ್ಕಿಟ್ಟಳು.

ಗವಿಯಪ್ಪ ಸುಮ್ಮನಿದ್ದನೇ? ಮುದ್ರೆಯ ರುಚಿ ಹತ್ತಿದವನು ಎಲ್ಲಾದರೂ ಸುಮ್ಮನಿರುತ್ತಾನೆಯೇ? ಕಾಗೆಗೆ ಶಾಲೆಯ ಮೇಷ್ಟರ ಪತ್ರ ಕೊಟ್ಟ. ಬೀಸುವ ಕಲ್ಲಿಗೆ ವೈದ್ಯರ ಪತ್ರ ಕೊಟ್ಟ. ಮಕ್ಕಳು ಕಾಗೆಯ ಹತ್ತಿರ ಮಗ್ಗಿ ಕಲಿತರು, ರೋಗಿಗಳು ಬೀಸುವ ಕಲ್ಲಿನ ಹತ್ತಿರ ನಾಲಗೆ ತೋರಿಸಿದರು. ಎಲ್ಲ ಕಡೆಯೂ ಟಕ್, ಎಲ್ಲ ಕಡೆಯೂ ಹಸಿರು. ಮೂರನೆಯ ದಿನ ಬೆಳಗ್ಗೆ ಅವನಿಗೆ ರಾಜನಾಗುವ ಆಸೆ ಹುಟ್ಟಿತು. ಆದರೆ ರಾಜನಾದರೆ ದಿನಾ ಸ್ನಾನ ಮಾಡಬೇಕು. ಅದಕ್ಕಿಂತ ತನ್ನ ದೊಡ್ಡ ಕುಂಬಳಕಾಯಿಯೇ ರಾಜನಾಗಲಿ, ಹೇಳಿದ ಹಾಗೆ ಕೇಳಿಕೊಂಡಿರುತ್ತದೆ ಅಂದುಕೊಂಡ. 'ಇದು ರಾಜ' ಎಂದು ಬರೆದ. ಅವನ ಕೈ ಸೋತಿತ್ತು. ಮೇಕೆಯ ಗೊರಸನ್ನೇ ಮಸಿಗೆ ಅದ್ದಿ ಒತ್ತಿಸಿದ.

ಬ್ರೌಸರು ಅರಮನೆಯಲ್ಲಿ ಓದಿತು. ಕುಂಬಳಕಾಯಿಗೆ ಒತ್ತಿದ್ದು ಚೆನ್ನಾಜಮ್ಮ, ಚೆನ್ನಾಜಮ್ಮನಿಗೆ ಗವಿಯಪ್ಪ, ಗವಿಯಪ್ಪನಿಗೆ ಮಂತ್ರಿ, ಮಂತ್ರಿಗೆ ರಾಜ.

"ಪ್ರಭು, ಈ ಕುಂಬಳಕಾಯಿ ರಾಜ ಅಂತ ಕಡೆಗೆ ನೀವೇ ಒಪ್ಪಿದೀರಿ" ಅಂದಿತು.

"ನಾನೇ?"

"ನೀವೇ. ನಿಮ್ಮ ಪತ್ರ ಹಳೇದು, ಇದು ಹೊಸದು."

ಟಕ್. ಆ ಒಂದು ಟಕ್ ಮಾತ್ರ ರಾಜನಿಗೆ ಸೊಗಸಲಿಲ್ಲ. ಕಾವಲಿನವರು ಕಣ್ಣು ಮುಚ್ಚಿಕೊಂಡೇ ಅವನನ್ನು ಹೊರಗೆ ಹಾಕಿ, ಕಣ್ಣು ಮುಚ್ಚಿಕೊಂಡೇ ಕುಂಬಳಕಾಯಿಗೆ ಚಾಮರ ಬೀಸತೊಡಗಿದರು.

ರಾಜ ಬೀದಿಗೆ ಬಿದ್ದ. ನಡೆದು ಅಭ್ಯಾಸವಿಲ್ಲ, ಆದರೂ ನಡೆದ. ಹೊಟ್ಟೆ ಚುರುಗುಟ್ಟುತ್ತಿತ್ತು. ಸುಣ್ಣದ ಗೂಡಿನ ಕಡೆಯಿಂದ ಕಾದ ಹೆಂಚಿನ ಘಮ ಬಂತು. ಮೂಗು ಎಳೆದ ಕಡೆಗೆ ಹೋದ. ಆಗ ಮಧ್ಯಾಹ್ನಕ್ಕೆ ಇನ್ನು ಒಂದೇ ಮೊಳ ನೆರಳು ಉಳಿದಿತ್ತು.

"ಅಮ್ಮಾ, ಒಬ್ಬ ಬಂದ!" ಅಂದಿತು ಹಿಟ್ಟು.

"ಯಾರಯ್ಯ ನೀನು?" ಅಂದಳು ಚೆನ್ನಾಜಮ್ಮ.

"ರಾಜ. ಆದರೆ ಪತ್ರ ಇಲ್ಲ."

"ಹಸಿವಿದೆಯಾ?"

"ಇದೆ."

"ಅದಕ್ಕೆ ಪತ್ರ ಬೇಡ. ಕೂತ್ಕೊ."

ಸೌಟು ಹಿಟ್ಟಿಗೆ ಇಳಿದಿತ್ತು, ಅಷ್ಟರಲ್ಲಿ ಬ್ರೌಸರು ದಡದಡ ಓಡಿಬಂತು. ಬೆನ್ನ ಮೇಲೆ ಊರಿಗೆ ಊರೇ ಕಣ್ಣು ಮುಚ್ಚಿ ಕೂತಿತ್ತು. "ಅಪಾಯ! ಅಪಾಯ! ಸರ್ಟಿಫಿಕೇಟಿಲ್ಲದವಳ ಅಂಗಡಿಯಲ್ಲಿ ಸರ್ಟಿಫಿಕೇಟಿಲ್ಲದವನು! ಹಿಂದಿರುಗಿ!"

ಚೆನ್ನಾಜಮ್ಮ ಸೌಟು ಎತ್ತಿ ಹಿಡಿದಳು.

"ನಿಲ್ಲಪ್ಪಾ. ಕೂಗ್ತಿರೋದು ಯಾರು?"

"ನಾನು. ಬ್ರೌಸರು."

"ನಿನ್ನ ಸರ್ಟಿಫಿಕೇಟು?"

ಬ್ರೌಸರು ಕಿಟಕಿಯೊಳಗೆ ಹುಡುಕಿತು. ಹೊಟ್ಟೆಯ ಕೆಳಗೆ ಹುಡುಕಿತು. ಬಾಲ ಎತ್ತಿ ಹುಡುಕಿತು.

"ನನ್ನನ್ನ ಯಾರೂ ಕೇಳೇ ಇಲ್ಲ ಅಮ್ಮಾ."

"ನಾನು ಕೇಳ್ತಿದೀನಿ. ರಾಜ ಬರೆದುಕೊಂಡ ಹಾಗೆ ನೀನೂ ಒಂದು ಬರ್ಕೊ."

"ಹೇಗೆ ಬರೀಲಿ? ನನಗೆ ಇರೋವೆಲ್ಲಾ ಕಾಲು."

"ಹಾಗಾದ್ರೆ ಮುದ್ರೆ ಇಲ್ಲದವರ ಗತಿ ಏನು ಅಂತ ನೀನೇ ಹೇಳು."

ಬ್ರೌಸರು ಬಹಳ ಪ್ರಾಮಾಣಿಕವಾದ ಪ್ರಾಣಿ. ಅದರ ಬೀಗ ಕೆಂಪಾಯಿತು. "ಅಪಾಯ! ಅಪಾಯ! ಹಿಂದಿರುಗಿ!" ಎಂದು ತನಗೆ ತಾನೇ ಕಿರುಚಿಕೊಂಡಿತು. ಕಿರುಚಿದ ಮೇಲೆ ಕೇಳಲೇಬೇಕಲ್ಲ? ಒಂದು ಹೆಜ್ಜೆ ಹಿಂದೆ ಇಟ್ಟಿತು. ನೋಡಿದರೆ ಅಲ್ಲಿಯೂ ತಾನೇ ಇತ್ತು. "ಅಪಾಯ! ಹಿಂದಿರುಗಿ!" ಇನ್ನೊಂದು ಹೆಜ್ಜೆ ಇಟ್ಟಿತು. ಅಲ್ಲಿಯೂ ತಾನೇ. ಹೀಗೆ ಹಿಂದೆ ಹಿಂದೆ ಹೋಗುತ್ತಾ ಬೀದಿ ದಾಟಿತು, ಅರಮನೆ ದಾಟಿತು, ಊರ ಗಡಿ ದಾಟಿತು. ಬೆನ್ನ ಮೇಲಿದ್ದವರು ಮೊದಲ ಹೆಜ್ಜೆಗೇ ತಲೆಯ ಕಡೆಯಿಂದ ಜಾರಿ ಒಬ್ಬರ ಮೇಲೊಬ್ಬರು ಸುಣ್ಣದ ಪುಡಿಯಲ್ಲಿ ಬಿದ್ದರು. ಬಿದ್ದ ಮೇಲೆ ಯಾರು ತಾನೇ ಕಣ್ಣು ಮುಚ್ಚಿಕೊಂಡಿರುತ್ತಾರೆ? ಎಲ್ಲರೂ ಕಣ್ಣು ಬಿಟ್ಟರು.

"ಅಯ್ಯೋ, ಚೆನ್ನಾಜಮ್ಮ!" ಅಂದರು.

"ಮತ್ತೆ ಯಾರು ಅಂದ್ಕೊಂಡಿದ್ರಿ?" ಅಂದಳು ಅವಳು. "ಮೊದಲು ಬಾಯಿ ತೊಳ್ಕೊಂಡು ಬನ್ನಿ. ಮೂರು ದಿನ ಏನು ತಿಂದಿದೀರಿ ಅಂತ ನಾನು ಹೇಳೋದಿಲ್ಲ."

ಹಿಟ್ಟು ಉಸಿರು ಬಿಟ್ಟು ಹೆಂಚಿಗೆ ಇಳಿಯಿತು. ದೋಸೆಯ ಮೇಲೆ ದೋಸೆ, ದೋಸೆಯ ಮೇಲೆ ದೋಸೆ. ನೆಂಚಿಕೊಳ್ಳಲು ಏನಿದೆ ಅಂದರು. ಅರಮನೆಯಲ್ಲಿ ಬ್ರೌಸರಿನ ಕಿರುಚಾಟಕ್ಕೆ ಕಣ್ಣು ಬಿಟ್ಟ ಅಡುಗೆಯವನು ಸಿಂಹಾಸನದ ಮೇಲಿದ್ದ ಕುಂಬಳಕಾಯಿಯನ್ನು ಹೊತ್ತು ತಂದ. ಗವಿಯಪ್ಪನ ಕೈಯಲ್ಲೇ ಹೆಚ್ಚಿಸಿ ಪಲ್ಯ ಮಾಡಿದರು. ನೀರು ಸ್ವಲ್ಪ ಜಾಸ್ತಿಯಾಗಿತ್ತು. ರಾಜ ಒಂಬತ್ತು ದೋಸೆ ತಿಂದು, ಅರಮನೆಗೆ ದಾರಿ ಯಾವುದು ಎಂದು ಜನರನ್ನು ಕೇಳಿಕೊಂಡು ನಡೆದುಹೋದ.

ಕೊಪ್ಪರಿಗೆಯ ತಳದಲ್ಲಿ ಒಂದೇ ಒಂದು ಸೌಟು ಹಿಟ್ಟು ಉಳಿಯಿತು. ಜನರ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಚೆನ್ನಾಜಮ್ಮ ಬೀದಿ ನೋಡಿದಳು. ಕಟ್ಟಕಡೆಗೆ ಮೇಕೆ ನಿಂತಿತ್ತು, ಕುತ್ತಿಗೆಯಲ್ಲಿ ಅವಳ ಹೆಸರು ಕಟ್ಟಿಕೊಂಡು.

"ಯಾರೇ ನೀನು?" ಅಂದಳು.

"ಮ್ಯಾ" ಅಂದಿತು ಮೇಕೆ.

"ಹೂಂ. ಇದನ್ನ ನಂಬ್ತೀನಿ" ಅಂದಳು ಚೆನ್ನಾಜಮ್ಮ. ಕೊನೆಯ ದೋಸೆ ಹುಯ್ದಳು. ಎಲೆಗಳೆಲ್ಲ ಮುಗಿದಿದ್ದವು. ಮೇಕೆಯ ಕುತ್ತಿಗೆಯ ಸರ್ಟಿಫಿಕೇಟನ್ನು ಬಿಚ್ಚಿ, ಅದರ ಮೇಲೆಯೇ ಬಡಿಸಿದಳು. ಮೇಕೆ ಎರಡನ್ನೂ ತಿಂದಿತು.

ಈ ಕತೆಯ ನೀತಿ ಏನು ಅಂತೀರಾ? ಸಿಂಹಾಸನದ ಮೇಲೆ ಕೂತ ಕುಂಬಳಕಾಯಿಗೆ ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಬೇಕು. ಹೇಳುವವಳ ಗಂಟಲು ಒಣಗಿತು, ಕೇಳುವವರ ಕಾಲು ಜೋಮು ಹಿಡಿಯಿತು. ಏಳಿ, ಅವರವರ ಕಾಲ ಮೇಲೆ ಅವರವರ ಮನೆಗೆ ನಡೆಯಿರಿ.