ಚೆಲುವ ನೀಹಾರಿಕೆ ಹಿಡಿದದ್ದು

ಒಂದೂರು. ಆ ಊರಲ್ಲೊಬ್ಬಳು ನಂಜವ್ವ. ನಂಜವ್ವನಿಗೊಬ್ಬ ಪೆದ್ದ ಮಗ. ಯಾರು ಅಂತ ಹುಡುಕಬೇಡಿ, ನಾನೇ.

"ಲೋ ಚೆಲುವಾ, ನಿಂಗೆ ಹೆಣ್ಣು ಕೊಡೋರ್ಯಾರೋ!" ಅಂತ ಅವ್ವ ದಿನಾ ಅಳೋಳು.

ಕೊಡೋರೊಬ್ಬರು ಸಿಕ್ಕರು. ಆಕಾಶದ ಹುಚ್ಚಿನ ಗಂಗಣ್ಣ ಮೇಷ್ಟ್ರು. "ಆಕಾಶದಲ್ಲಿ ಹೊಗೆ ಹಂಗೆ ಹರಡಿರೋ ಮೋಡ, ನೀಹಾರಿಕೆ. ಅದರದೊಂದು ಫೋಟೋ ತಾ, ಮಗಳು ವಿಶಾಖಾನ ಕೊಡ್ತೀನಿ" ಅಂದರು. ಕಿಟಕಿಯಲ್ಲಿ ವಿಶಾಖಾ ನಕ್ಕಳು. ನನ್ನ ಕಡೆ ನಕ್ಕಳೋ, ನನ್ನ ನೋಡಿ ನಕ್ಕಳೋ, ನಾನಂತೂ ಒಪ್ಪಿಗೆ ಅಂತಲೇ ಹಿಡಿದೆ.

ಮೇಷ್ಟ್ರು ದುರ್ಬೀನು ಕೊಟ್ಟರು, ಕ್ಯಾಮೆರಾ ಕೊಟ್ಟರು, ಒಂದು ಡಬ್ಬಿ ಕೊಟ್ಟರು. "ಬೀದಿದೀಪದ ಕಾಟ ಕಣೋ. ಫಿಲ್ಟರ್ ಹಾಕಿ ತೆಗಿ!"

ಫಿಲ್ಟರ್ ತಾನೇ? ಅವ್ವನ ಹಿತ್ತಾಳೆ ಕಾಫಿ ಫಿಲ್ಟರನ್ನ ದುರ್ಬೀನಿನ ಬಾಯಿಗಿಟ್ಟೆ. ಪುಡಿ ಹಾಕಿದೆ, ಬಿಸಿನೀರು ಹುಯ್ದೆ. ಬೆಳಗಿನವರೆಗೂ ಡಿಕಾಕ್ಷನ್ ಇಳೀತು, ನೀಹಾರಿಕೆ ಇಳೀಲಿಲ್ಲ.

"ಅಯ್ಯೋ ಪೆದ್ದಾ!" ಅಂದರು ಮೇಷ್ಟ್ರು. "ಫಿಲ್ಟರು ಅಂದ್ರೆ ಡಬ್ಬೀಲಿರೋ ಗಾಜಿನ ಬಿಲ್ಲೆಗಳು! ಕ್ಯಾಮೆರಾದ ಮುಂದೆ ಹಾಕೋದು! ಬಾಯಿ ಪೂರ್ತಿ ತೆರೆದಿರಬೇಕು, ತಿಳೀತಾ?"

ತಿಳೀತು. ರಾತ್ರಿಯೆಲ್ಲ ಬಾಯಿ ಪೂರ್ತಿ ತೆರೆದು ಕೂತೆ. ದುರ್ಬೀನಿನ ಮುಚ್ಚಳ ಮುಚ್ಚೇ ಇತ್ತು. ನಾಲ್ಕು ಹಾತೆ, ಒಂದು ಜೀರುಂಡೆ ಒಳಗೆ ಹೋದವು. ಜೀರುಂಡೆ ವಾಪಸ್ ಬಂತು.

"ನಿನ್ನ ಬಾಯಲ್ವೋ, ದುರ್ಬೀನಿಂದು!" ಮೇಷ್ಟ್ರು ತಲೆ ಚಚ್ಚಿಕೊಂಡರು. "ಜಲಜನಕದ್ದೊಂದು ಬಿಲ್ಲೆ, ಆಮ್ಲಜನಕದ್ದೊಂದು, ಗಂಧಕದ್ದೊಂದು. ಒಂದೊಂದೂ ತನ್ನ ಬೆಳಕು ಮಾತ್ರ ಬಿಡುತ್ತೆ, ಮಿಕ್ಕಿದ್ದೆಲ್ಲ ತಡೆಯುತ್ತೆ. ಮೂರನ್ನೂ ಒಂದರ ಮೇಲೊಂದು ಕೂಡಿಸಿದ್ರೇನೇ ಚಿತ್ರ!"

ಕೂಡಿಸಿದೆ. ಮೂರು ಬಿಲ್ಲೇನೂ ಒಂದರ ಮೇಲೊಂದಿಟ್ಟು, ಅಲ್ಲಾಡದ ಹಾಗೆ ಟೇಪು ಸುತ್ತಿದೆ. ಫೋಟೋ ಬಂತು ನೋಡಿ, ದೋಸೆ ಕಾವಲಿ ಹಂಗೆ ಕಪ್ಪಗೆ!

"ಕೂಡಿಸೋದು ಬಿಲ್ಲೆ ಅಲ್ವೋ, ಫೋಟೋ! ಒಂದು ಬಿಟ್ಟಿದ್ದನ್ನ ಇನ್ನೊಂದು ತಡೀತು! ಇದೇ ಕೊನೆ ಸಲ. ಮೂರನ್ನೂ ಒಂದೇ ಏಟಿಗೆ ಮುಗಿಸೋಕೆ ಹೋಗ್ಬೇಡ. ಇವತ್ತೊಂದು, ನಾಳೆ ಒಂದು, ನಾಡಿದ್ದೊಂದು!"

ಅವ್ವ ಕಣ್ಣೊರೆಸಿಕೊಂಡು ಕೈಮುಗಿದಳು. "ಅಪ್ಪಾ ಚೆಲುವಾ, ಅವರು ಹೇಳ್ದಂಗೆ ಮಾಡೋ!"

ಮಾಡಿದೆ. ಮೂರು ರಾತ್ರಿ, ಮೂರು ಬಿಲ್ಲೆ, ಮೂರು ಫೋಟೋ. ಮೇಷ್ಟ್ರು ಕಂಪ್ಯೂಟರಲ್ಲಿ ಕೂಡಿಸಿದರು. ಕೆಂಪು, ಹಸಿರು, ನೀಲಿ! ಥೇಟು ಗುಲಾಬಿ ಹೂವಿನ ಹಾಗೆ ನೀಹಾರಿಕೆ ಅರಳಿತು. ಮೇಷ್ಟ್ರು ನನ್ನ ತಬ್ಬಿಕೊಂಡು ಅತ್ತರು. ಮದುವೆ ನಿಕ್ಕಿಯಾಯಿತು.

ಮುಹೂರ್ತ ಬಂತು. "ಗಟ್ಟಿಮೇಳ! ಗಟ್ಟಿಮೇಳ!" ವಾಲಗ ಮೊಳಗಿತು, ಅಕ್ಷತೆ ಬಿತ್ತು. ಪುರೋಹಿತರು ತಾಳಿ ಕೈಗಿಟ್ಟರು. "ಮೂರು ಗಂಟು ಹಾಕಪ್ಪಾ!"

ಮೂರು! ಮೇಷ್ಟ್ರ ಮಾತು ನೆನಪಾಯಿತು. ಒಂದು ಗಂಟು ಹಾಕಿದೆ, ಪಂಚೆ ಕೊಡವಿ ಎದ್ದೇಬಿಟ್ಟೆ.

"ಇವತ್ತಿಗಿಷ್ಟು! ಇನ್ನೊಂದು ನಾಳೆ, ಮತ್ತೊಂದು ನಾಡಿದ್ದು!"

ವಾಲಗ ನಿಂತಿತು. ಅವ್ವ ಕುಸಿದು ಕೂತಳು. ಮೇಷ್ಟ್ರು ಕಂಬ ಹಿಡಿದುಕೊಂಡರು. ವಿಶಾಖಾ ಮಾತ್ರ ತಲೆ ಎತ್ತದೆ ನನ್ನ ಪಂಚೆ ಹಿಡಿದೆಳೆದಳು.

"ಕೂತ್ಕೊಳ್ರೀ. ನಾಳೆ ಮೋಡ ಕವಿದಿರುತ್ತೆ."

ಹೌದಲ್ಲ! ಕೂತೆ.